ಕಬ್ಬಿಣದ ಎರಡು ಎಲೆಕ್ಟ್ರಾನು

"ತಪ್ಪು ನಂದ ಐತಿ, ನೇತ್ರಾ!"

ಬನಹಟ್ಟಿಯ ಆ ಮಗ್ಗದ ಮನೆಯ ಬಾಗಿಲಲ್ಲಿ ನಿಂತು ಕಾಲೇಜಿನ ರಸಾಯನಶಾಸ್ತ್ರದ ಜ್ಞಾನೇಶ್ವರ ಸರ್ ಎರಡನೇ ಸಲ ಕೂಗಿದರು. ನಾಲ್ಕು ಪಾವರ್‌ಲೂಮುಗಳ ಸದ್ದಿನಲ್ಲಿ ಅದೂ ಮುಳುಗಿಹೋಯಿತು. ಒಳಗೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಹುಡುಗಿ ಕೇಳಿಸಲಿಲ್ಲವೆಂದು ಕೈಯಾಡಿಸಿದಳು. ತಾಯಿ ಶೇವಂತಿ ಎದ್ದು ಒಂದೊಂದೇ ಮಗ್ಗ ಬಂದ್ ಮಾಡಿದಳು.

ಸದ್ದು ನಿಂತ ಮೇಲೆ ಸರ್ ಒಳಗೆ ಬಂದರು. "ನೀ ಹೇಳಿದ್ದ ಖರೆ," ಎಂದರು ಮೆಲ್ಲಗೆ. "ಕಬ್ಬಿಣ ಅಯಾನ್ ಆಗುವಾಗ ಮೊದಲ ಹೊರಗ ಹೋಗೂ ಎರಡು ಎಲೆಕ್ಟ್ರಾನು 4ಎಸ್‌ನವು, 3ಡಿಯವಲ್ಲ. ಮುಂಜಾನೆ ಪುಸ್ತಕ ತಗದು ನೋಡಿದ್ನಿ."

ಸೋಮವಾರ ಪಿಯುಸಿ ಎರಡನೇ ವರ್ಷದ ತರಗತಿಯಲ್ಲಿ ನೇತ್ರಾ ಎದ್ದು ನಿಂತು ಹೇಳಿದ್ದೂ ಇದನ್ನೇ. ಎಲೆಕ್ಟ್ರಾನುಗಳು ಕಡೆಗೆ ತುಂಬುವುದು 3ಡಿ ಕಕ್ಷಕದಲ್ಲಿ, ಅಂದಮೇಲೆ ಮೊದಲು ಖಾಲಿಯಾಗುವುದೂ ಅದೇ ಎಂದು ಸರ್ ನಂಬಿದ್ದರು. ಹೊಸ ನೌಕರಿ, ಎದುರಿಗೆ ಅರವತ್ತು ಮಕ್ಕಳು. "ನಿನಗ ಸೈನ್ಸ್ ಆಗೂದಿಲ್ಲ, ಕುಂದರು" ಎಂದುಬಿಟ್ಟಿದ್ದರು. ಮರುದಿನದಿಂದ ಅವಳು ಕಾಲೇಜಿನ ಕಡೆ ಸುಳಿದಿರಲಿಲ್ಲ.

"ನಾ ಹೇಳಿದ್ದ ಖರೆ ಅಂತ ನನಗ ಗೊತ್ತಿತ್ರಿ ಸರ್," ನೇತ್ರಾ ಕೈಯಲ್ಲಿನ ನೂಲು ನೋಡುತ್ತಲೇ ಅಂದಳು.

"ಗೊತ್ತಿದ್ದ ಮ್ಯಾಲ ಬರೂದು ಯಾಕ ಬಿಟ್ಟಿ?"

"ಖರೆ ಹೇಳೇ ಇಷ್ಟು ಬೈಸ್ಕೊಂಡೇನ್ರಿ. ನಾಳಿ ತಪ್ಪು ಹೇಳಿದ್ರ ಇನ್ನೇನ ಅಂತೀರೋ ಅಂತ ಅಂಜಿಕಿ ಬಂತು."

ಶೇವಂತಿ ಚಹಾದ ಬಟ್ಟಲು ಮುಂದೆ ಹಿಡಿದಳು. "ಸರ, ನಮ್ಮ ಮನಿತನಕ ಬಂದ್ರಿ, ಭಾಳ ಛಲೋ ಆತು. ಆದ್ರ ನೀವು ಆಕಿಗಿ ಅಂದಿದ್ದು ಎಲ್ಲಾ ಹುಡುಗೂರ ಮುಂದ ಅಲ್ಲೇನ್ರಿ?"

ಮರುದಿನ ಜ್ಞಾನೇಶ್ವರ ಸರ್ ಹಾಜರಿ ಪುಸ್ತಕ ತೆರೆಯಲೇ ಇಲ್ಲ. ಬೋರ್ಡಿನ ಮೇಲೆ ಕಬ್ಬಿಣದ ಎಲೆಕ್ಟ್ರಾನ್ ವಿನ್ಯಾಸ ಬರೆದರು. 4ಎಸ್‌ನ ಎರಡನ್ನು ಅಳಿಸಿ, 3ಡಿಯ ಆರನ್ನೂ ಹಾಗೇ ಉಳಿಸಿದರು. "ಸೋಮವಾರ ನಾ ಕಲಿಸಿದ್ದು ತಪ್ಪು. ನೇತ್ರಾ ಹೇಳಿದ್ದ ಖರೆ. ಆಕಿಗಿ ಬೈದದ್ದು ಅದಕ್ಕಿಂತ ದೊಡ್ಡ ತಪ್ಪು." ಎರಡನೇ ಬೆಂಚಿನಲ್ಲಿ ನೇತ್ರಾ ತಲೆ ತಗ್ಗಿಸಿ, ಮೂರೂ ವಾಕ್ಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

"ಬ್ಯಾರೆ ಯಾರಿಗರೆ ತಿಳೀಲಾರದ್ದು ಐತೇನು?" ಸರ್ ಕೇಳಿದರು. ದಿನವೂ ಕೇಳುತ್ತಿದ್ದ ಪ್ರಶ್ನೆಯೇ. ದಿನವೂ ತರಗತಿ ಸುಮ್ಮನಿರುತ್ತಿತ್ತು. ಎಲ್ಲರಿಗೂ ತಿಳಿದಿದೆ ಎಂದೇ ಅವರ ಎಣಿಕೆ.

ಹಿಂದಿನ ಬೆಂಚಿನಿಂದ ಮಾಳು ಅರ್ಧ ಕೈ ಎತ್ತಿದ. ಅವನನ್ನು ನೋಡಿ ಆಚೆ ಬದಿಯ ಪ್ರೀತಿಯೂ ಎತ್ತಿದಳು. ಆಮೇಲೆ ಇಡೀ ಕೋಣೆಯೇ ಕೈ ಎತ್ತಿ ಕೂತಿತು.