ಇಪ್ಪತ್ತೆರಡು ಡಿಗ್ರಿ

ತಾನೇ ಕರೆದ ಹಾಲಿಗೆ ಗಟ್ಟಿತನ ಅಳೆಯುವ ಮೀಟರ್ ಬಿಟ್ಟು ನೋಡಿದ ನಾಗರಾಜು ಕೊಟ್ಟಿಗೆಯಲ್ಲೇ ಕುಕ್ಕರಿಸಿಬಿಟ್ಟ. ಇಪ್ಪತ್ತೆರಡು ಡಿಗ್ರಿ. ಒರೆಸಿ ಮತ್ತೆ ಬಿಟ್ಟ, ಅಷ್ಟೇ. ಡೈರಿಗೆ ಓಡಿ ಇನ್ನೊಂದು ಮೀಟರ್ ತಂದು ನೋಡಿದ, ಅದೂ ಅಷ್ಟೇ. ಊರಿನ ಹಾಲಿನ ಡೈರಿಗೆ ಹನ್ನೊಂದು ವರ್ಷದಿಂದ ಅವನೇ ಸೆಕ್ರೆಟರಿ. ಇಪ್ಪತ್ತಾರಕ್ಕಿಂತ ಇಳಿದರೆ ಹಾಲಿಗೆ ನೀರು ಬಿದ್ದಿದೆ ಅಂತಲೇ ಅರ್ಥ ಎಂದು ಊರಿಗೆಲ್ಲ ಹೇಳಿಕೊಟ್ಟವನೂ ಅವನೇ. ಈಗ ನೋಡಿದರೆ ಪಾತ್ರೆಗೆ ಒಂದು ತೊಟ್ಟು ನೀರು ಸೋಕಿಲ್ಲ.

ಆ ಹಸುವನ್ನು ಪಟ್ಟಲಮ್ಮನಿಂದ ಕೊಂಡು ಹೊಡೆದುಕೊಂಡು ಬಂದು ಇನ್ನೂ ಎರಡು ದಿನ. ಪಾಪ, ಅದನ್ನು ಮಾರುವ ಗತಿ ಆಕೆಗೆ ಬಂದದ್ದೂ ಇವನಿಂದಲೇ.

ಹೋದ ತಿಂಗಳು ಊರಿನ ಹಾಲಿಗೆ ನೀರು ಬೆರೆತಿದೆ ಎಂದು ಮಳವಳ್ಳಿಯ ಶೀತಲ ಕೇಂದ್ರದಿಂದ ಎರಡು ಸಲ ಕ್ಯಾನು ವಾಪಸ್ ಬಂದಿದ್ದವು. ಇನ್ನೊಂದು ಸಲ ಬಂದರೆ ಡೈರಿಗೆ ಬೀಗ. ಒಬ್ಬೊಬ್ಬರ ಹಾಲನ್ನೂ ಅಳೆಯುತ್ತಾರೆ ಎಂಬ ಸುದ್ದಿ ಮೊದಲೇ ಹರಡಿತ್ತು, ಕಳ್ಳರು ಹುಷಾರಾಗಿದ್ದರು. ಅಳೆದ ದಿನ ಇಪ್ಪತ್ತೆರಡು ತೋರಿಸಿದ್ದು ಪಟ್ಟಲಮ್ಮನ ಹಾಲೊಂದೇ. ಅವಳ ಹೆಸರನ್ನು ಡೈರಿಯ ಬೋರ್ಡಿನ ಮೇಲೆ ಬರೆಯಲು ಹೊರಟಾಗ ಕಮಿಟಿಯ ಹಿರಿಯ ಜವರಯ್ಯ ಒಬ್ಬರೇ ತಡೆದರು.

"ಅವ್ಳು ನೀರಾಕೋದ ಯಾರಾದ್ರೂ ಕಂಡವ್ರೇನ್ಲಾ? ಕಳ್ಳ ಇವತ್ತು ತಪ್ಪುಸ್ಕೊಂಡ್ರೆ ನಾಳೆ ಸಿಕ್ತಾನೆ. ಕಳ್ಳಿ ಅನ್ನುಸ್ಕೊಂಡೋಳ್ಗೆ ಮರ್ವಾದೆ ಯಾರ್ ತಂದ್ಕೊಟ್ಟೀರಿ?"

ನಾಗರಾಜುವಿಗೆ ರೇಗಿತ್ತು. "ಅಂಗಂತ ಬುಟ್ರೆ ಊರೇ ಮುಳುಗ್ತದೆ. ಒಬ್ರ ಎಸ್ರು ಬೋರ್ಡ್ ಮೇಲೆ ಬಿದ್ರೆ ಮಿಕ್ಕೋರು ಎದ್ರುಕೋತಾರೆ. ಮೀಟ್ರು ಸುಳ್ಳೇಳಲ್ಲ."

ಅವತ್ತೇ ಹೆಸರು ಬರೆದ. ಹಾಲು ತಗೊಳ್ಳೋದನ್ನೂ ನಿಲ್ಲಿಸಿದ. ಪಟ್ಟಲಮ್ಮ ಬೋರ್ಡಿನ ಮುಂದೆ ಒಂದು ಗಳಿಗೆ ನಿಂತು, ಹಾಲಿನ ಕ್ಯಾನು ಎತ್ತಿಕೊಂಡು ಮನೆಗೆ ಹೋದಳು. ಜಗಳ ತೆಗೆಯಲಿಲ್ಲ. ಜಗಳ ತೆಗೆಯದ್ದೇ ಅವಳು ತಪ್ಪಿತಸ್ಥೆ ಅನ್ನೋದಕ್ಕೆ ಸಾಕ್ಷಿ ಎಂದು ಊರು ಮಾತಾಡಿಕೊಂಡಿತು.

ಈಗ ಫೋನಿನಲ್ಲಿ ದನದ ಡಾಕ್ಟರು ನಕ್ಕರು. ಕೆಲವು ಹಸುವಿನ ಹಾಲೇ ತೆಳು, ಬರೀ ಕಬ್ಬಿನ ಸೋಗೆ ತಿನ್ನಿಸಿದರೆ ಇನ್ನೂ ತೆಳು, ಇಷ್ಟು ವರ್ಷ ಸೆಕ್ರೆಟರಿಯಾಗಿ ಇದೂ ಗೊತ್ತಿಲ್ಲವೇನ್ರೀ ಎಂದರು. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯದು ಎಂದು ನಾಗರಾಜುವಿಗೆ ಒಂದು ಕ್ಷಣ ಅನ್ನಿಸಿತು. ಥೂ, ಇದೂ ಒಂದು ಬಾಳೇ ಎಂದು ತನ್ನನ್ನೇ ಬೈದುಕೊಂಡು ಚಪ್ಪಲಿ ಮೆಟ್ಟಿದ.

ಪಟ್ಟಲಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾಗರಾಜು ಕೂರಲಿಲ್ಲ. ನಿಂತೇ ಎಲ್ಲ ಹೇಳಿದ. ತಪ್ಪು ನನ್ನದು, ಅದೇ ಬೋರ್ಡಿನ ಮೇಲೆ ನನ್ನ ಹೆಸರು ಹಾಕಿ ಬರೀತೀನಿ, ಹಸುವನ್ನೂ ವಾಪಸ್ ತಂದು ಕಟ್ತೀನಿ ಎಂದ. ಮುದುಕಿ ಬೈದರೆ ಸಾಕು, ಎದೆ ಹಗುರಾದೀತು ಎಂದು ಕಾದ. ಅವಳು ಬೈಯಲಿಲ್ಲ. ಅವಳ ಕೈ ಕಾಯಿಯ ಮೇಲೇ ನಿಂತುಬಿಟ್ಟಿತ್ತು.

"ನಾನ್ ನೀರಾಕಿಲ್ಲ ಅನ್ನೋದು ನಂಗೊತ್ತಿತ್ತು ಕಣಪ್ಪ," ಅಂದಳು. "ಮೀಟ್ರು ಸುಳ್ಳೇಳಲ್ಲ ಅಂತ ನೀನು ಏಳ್ಬುಟ್ಟೆ. ಆಲು ಕರೀತಿದ್ದೋಳು ನನ್ ಸೊಸೆ ದೀಪಿಕ."

ನಾಗರಾಜು ಒಳಗೆ ಇಣುಕಿದ. ಮನೆಯಲ್ಲಿ ಯಾರೂ ಇರಲಿಲ್ಲ. ಎಲ್ಲಿ ಅವಳು ಎಂದು ಕೇಳಿದ. ಮಗು ಸಮೇತ ತವರೂರು ಹೊಳಲಿಗೆ ಅಟ್ಟಿ ಮೂರು ವಾರವಾಯಿತಂತೆ. ಮಗನೂ ಅವಳನ್ನು ಕರೆತರಲು ಒಲ್ಲೆ ಅಂತಾನಂತೆ.

"ಮೂರ್ ದಿನ ಮಗೀನ್ ತಲೆ ಮುಟ್ಟಿ ಇಲ್ಲ ಅಂದ್ಲು. ನಾನು ಬುಡ್ಲಿಲ್ಲ," ಎಂದಳು ಪಟ್ಟಲಮ್ಮ. "ನಾಕನೇ ದಿನ, ಊಂ, ನಾನೇ ನೀರಾಕ್ದೆ ಅಂತ ಒಪ್ಕೊಂಡ್ಲಲ್ಲಪ್ಪ."