ನಾಲ್ಕನೆಯ ತಂತಿ

ನಾಲ್ಕನೆಯ ತಂತಿಗೆ ಇಕ್ಕಳ ಹಾಕುವಾಗಲೂ ಅದು ಯಾತಕ್ಕೆಂದು ವಾಮನನಿಗೆ ಹೊಳೆಯಲಿಲ್ಲ. ಯುದ್ಧ ಶುರುವಾದದ್ದೇ ಹವ್ಯಾಸಿಗಳು ಮನೆಗಳಲ್ಲಿ ಕಟ್ಟಿಕೊಂಡ ರೇಡಿಯೋ ತಂತಿಗಳನ್ನೆಲ್ಲ ಇಳಿಸಬೇಕೆಂದು ಹುಕುಂ ಬಂದಿತ್ತು. ಇವನ್ನು ಕಟ್ಟಿದ ಗೆಳೆಯ ಹೊನ್ನಪ್ಪ ಜ್ವರದಲ್ಲಿ ತೀರಿಕೊಂಡಿದ್ದರಿಂದ ವಾಮನನೇ ಕಾರವಾರದಿಂದ ಬೊಬ್ರುವಾಡದ ಅವನ ಮನೆಗೆ ಬಂದಿದ್ದ. ತೆಂಗಿನ ತುದಿಯಲ್ಲಿದ್ದ ಮೂರು ತಂತಿಗಳು ಅರ್ಥವಾಗಿದ್ದವು: ಒಂದೊಂದು ಉದ್ದ ಒಂದೊಂದು ತರಂಗಕ್ಕೆ. ಆದರೆ ಜಗಲಿಯಿಂದ ಬಾವಿಯವರೆಗೆ ಸೊಂಟದೆತ್ತರಕ್ಕೆ ಬಿಗಿದ ಇದು ಯಾವ ತರಂಗವನ್ನು ಹಿಡಿದೀತು? ಹೊನ್ನಪ್ಪನ ಹೊಸ ಹುಚ್ಚಿರಬೇಕು ಎಂದುಕೊಂಡು ಬಾವಿಯ ಕಡೆಯ ತುದಿಯನ್ನು ಕತ್ತರಿಸಿದ.

“ಚಾ ಕುಡ್ಕಂಡೇ ಹೋಗು ತಮಾ, ನೀರು ತಕಂಡು ಬತ್ತೆ,” ಎನ್ನುತ್ತ ಹೊನ್ನಪ್ಪನ ತಾಯಿ ಬೀರಮ್ಮ ಕೊಡ ಹಿಡಿದು ಜಗಲಿ ಇಳಿದಳು. ಕಣ್ಣು ಕಾಣದ ಆಕೆಯ ಬಲಗೈ ಗಾಳಿಯಲ್ಲಿ ತಡಕಾಡಿತು. ಅಲ್ಲಿ ತಂತಿ ಇರಲಿಲ್ಲ.

ವಾಮನ ಇಕ್ಕಳ ಬಿಸುಟು, ನೆಲಕ್ಕೆ ಬಿದ್ದ ತುದಿಯನ್ನೆತ್ತಿ, ಎರಡೂ ಕೈಯಲ್ಲಿ ಸೊಂಟದೆತ್ತರಕ್ಕೆ ಬಿಗಿಯಾಗಿ ಎಳೆದು ಹಿಡಿದ. ತಂತಿ ಕೈಗೆ ತಾಗಿದ್ದೇ ಬೀರಮ್ಮ ಅದನ್ನು ಸವರುತ್ತ, ಎಲ್ಲೂ ಎಡವದೆ ಬಾವಿಕಟ್ಟೆಯ ತನಕ ನಡೆದು ಬಂದಳು. ಅಲ್ಲಿ ನಿಂತು ಮುಖ ಮೇಲೆತ್ತಿದಳು.

“ಗಾಳಿ ಇಲ್ಲ, ಎಂತ ಇಲ್ಲ. ತಂತಿ ಎಂತಕೆ ಹೀಂಗೆ ನಡುಗ್ತದ್ಯೋ ತಮಾ?”