ಒಂದು ಕೈ ಸಹಾಯ

"ಇವನ ಫೈಲ್ ಎಲ್ಲಿ?"

ಮೇಡಂ ತಲೆ ಎತ್ತಲಿಲ್ಲ. ಮೇಜಿನ ಎದುರು ಕ್ಯಾಂಟೀನಿನ ಅಡುಗೆಯವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಪಕ್ಕದಲ್ಲಿ ಮೀಸೆ ಮೂಡದ ಹುಡುಗ, ಅವನ ಕೈಯಲ್ಲಿ ಎಂಜಲು ತಟ್ಟೆಗಳ ರಾಶಿ.

"ಕೆಲಸಕ್ಕೆ ಅಂತ ಕರ್ಕೊಂಡು ಬಂದಿಲ್ಲ ಮೇಡಂ. ನನ್ನ ತಂಗಿ ಮಗ. ರಜ ಅಲ್ವಾ, ಸುಮ್ನೆ ಒಂದು ಕೈ ಸಹಾಯ..."

"ತಂಗಿ ಮಗ ಆದ್ರೇನು, ಮಾಲೀಕರ ಮಗನೇ ಆದ್ರೇನು? ಗೇಟಿನೊಳಗೆ ಕೆಲಸ ಮಾಡಿದ್ರೆ ಕೆಲಸಗಾರನೇ. ವಯಸ್ಸಿನ ದಾಖಲೆ ಇಲ್ವಾ? ಹೊರಗೆ. ತಟ್ಟೆ ಇಟ್ಟು ಹೋಗು."

ಹುಡುಗ ತಟ್ಟೆ ಇಟ್ಟು ಹೋದ. "ಬಂದ್ಬಿಟ್ಳು ದೊಡ್ಡ ಮೇಡಮ್ಮು" ಎಂದು ಅಡುಗೆಯವಳು ಬಾಯೊಳಗೇ ಗೊಣಗಿಕೊಂಡು ಹಿಂದೆಯೇ ಹೊರಟಳು.

ಬೇಸಿಗೆ ಬಂತೆಂದರೆ ಈ ನೀರಾಟದ ಪಾರ್ಕಿನಲ್ಲಿ ದುಡಿಯುವವರೆಲ್ಲ ಹರೆಯದವರೇ. ಟ್ಯೂಬ್ ಹಂಚುವವರು, ಲಾಕರ್ ಕೀಲಿ ಕಾಯುವವರು, ಜಾರುಬಂಡೆಯ ತುದಿಯಲ್ಲಿ ನಿಂತು "ಒಬ್ಬೊಬ್ಬರೇ, ಒಬ್ಬೊಬ್ಬರೇ" ಎಂದು ಗಂಟಲು ಹರಿದುಕೊಳ್ಳುವವರು. ಹದಿನಾಲ್ಕು ತುಂಬದವರನ್ನು ಇಟ್ಟುಕೊಳ್ಳುವ ಹಾಗೇ ಇಲ್ಲ. ತುಂಬಿದವರಿಗೂ ಮನೆಯವರ ಒಪ್ಪಿಗೆ ಪತ್ರ ಬೇಕು, ವಿರಾಮ ಕೊಡಬೇಕು, ಸಂಬಳ ಬ್ಯಾಂಕಿಗೇ ಹೋಗಬೇಕು, ಪಂಪ್ ಕೋಣೆಯ ಹತ್ತಿರ ಸುಳಿಯಗೊಡಬಾರದು. ರಸ್ತೆಯಾಚೆಯ ಪಾರ್ಕಿನಲ್ಲಿ ವಯಸ್ಸಾಗದ ಹುಡುಗ ಒಬ್ಬನೇ ಒಬ್ಬ ಸಿಕ್ಕಿದ್ದಕ್ಕೆ ಹೋದ ವಾರ ಗೇಟಿಗೆ ಬೀಗ ಜಡಿದು ಸೀಲ್ ಮಾಡಿದ್ದರು. ಇಲ್ಲೂ ಹಾಗಾದರೆ ಮಾಲೀಕರು ಬೀದಿಗೆ ಬಂದಂತೆಯೇ. ಪಾರ್ಕಿಗಾಗಿ ಇದ್ದ ಮನೆಯನ್ನೂ ಅಡ ಇಟ್ಟಿದ್ದರು.

ಮಾಲೀಕರಿಗೆ ಈ ಕಾನೂನೆಲ್ಲ ತಲೆಗೆ ಹತ್ತುತ್ತಿರಲಿಲ್ಲ. ತಲೆ ಎಂಬುದು ಅವರ ಮಟ್ಟಿಗೆ ಬಣ್ಣ ಹಚ್ಚುವ ಜಾಗ. ಅವರ ಬೈಗುಳ ತಾಳದೆ ಗುಮಾಸ್ತರು ಒಬ್ಬರ ಹಿಂದೊಬ್ಬರು ಬಿಟ್ಟುಹೋದ ಮೇಲೆ ಆ ಕುರ್ಚಿಗೆ ಮೇಡಂ ಬಂದರು. ಬಂದವರೇ ಕುರ್ಚಿಗೆ ಎರಡು ದಿಂಬು ಹಾಕಿಸಿಕೊಂಡರು. ಅಧಿಕಾರ ಸ್ವಲ್ಪ ಎತ್ತರದಲ್ಲಿದ್ದರೇ ಶೋಭೆ. ಸೀರೆಯ ತುಂಬ ಪಿನ್ನು, ಎದ್ದು ಓಡಾಡುವುದು ಕಡಿಮೆ. ಪ್ರತಿ ಫೈಲಿಗೂ ಕಂದು ಕಾಗದದ ಹೊದಿಕೆ, ಅದರ ಮೇಲೆ ಗೆರೆ ಎಳೆದು ಹೆಸರು ಬರೆದ ಚೀಟಿ. "ಮೇಡಂ" ಎಂದು ಹೆಸರಿಟ್ಟವರು ಲಾಕರ್ ಹುಡುಗರು. ಗೌರವದಿಂದ ಇಟ್ಟದ್ದೇನಲ್ಲ.

ಹುಡುಗರನ್ನು ಕಂಡರೆ ಮೇಡಂಗೂ ಮೈ ಉರಿಯುತ್ತಿತ್ತು. ಬೆಳಿಗ್ಗೆ ಟ್ಯೂಬ್ ಹುಡುಗನೊಬ್ಬ ಕೆಲಸದ ಹೊತ್ತಿನಲ್ಲಿ ಐಸ್‌ಕ್ಯಾಂಡಿ ಬಿಚ್ಚುತ್ತ ಸಿಕ್ಕಿಬಿದ್ದಿದ್ದ. "ಈಗಿನ ಹುಡುಗರಿಗೆ ನಾಲಿಗೆ ಬಿಟ್ರೆ ಬೇರೇನೂ ಗೊತ್ತಿಲ್ಲ" ಎಂದು ಅದನ್ನು ಕಿತ್ತುಕೊಂಡಿದ್ದರು. ಜಪ್ತಿಯಾದ ಕ್ಯಾಂಡಿ ಏನಾಯಿತೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಕಾನೂನು ಚೆನ್ನಾಗಿ ಹೇಳಿದ್ರಿ."

ಬಾಗಿಲಲ್ಲಿ ಬೋಳುತಲೆಯ, ಬೆವರು ಒರೆಸಿಕೊಳ್ಳುವ ಮನುಷ್ಯನೊಬ್ಬ ನಿಂತಿದ್ದ. ಕಾರ್ಮಿಕ ಇಲಾಖೆಯ ತಪಾಸಣೆ ಅಧಿಕಾರಿ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

ಮಾಲೀಕರು ಓಡಿ ಬಂದರು. ಕುರ್ಚಿ ಎಳೆದರು, ತಣ್ಣಗಿನ ಜ್ಯೂಸ್ ತರಿಸಿದರು, ಹಲ್ಲು ಗಿಂಜಿದರು.

"ನೀವು ಸುಮ್ನಿರಿ. ನಾನು ಮಾತಾಡ್ತೀನಿ" ಎಂದರು ಮೇಡಂ. ಮಾಲೀಕರು ಬಾಯಿ ಮುಚ್ಚಿಕೊಂಡರು. ಅವರ ಬಾಯಿಗೆ ಬೀಗ ಹಾಕಬಲ್ಲವರು ಆ ಪಾರ್ಕಿನಲ್ಲಿ ಮೇಡಂ ಒಬ್ಬರೇ.

ಅಧಿಕಾರಿ ಮೇಡಂ ಮುಖವನ್ನೇ ಒಂದು ಗಳಿಗೆ ನೋಡಿದ. ಲಂಚಕ್ಕೆ ಹೊಂಚು ಹಾಕುವ ಮುಖ ಎಂದುಕೊಂಡ ಮೇಡಂ ಫೈಲುಗಳನ್ನು ದಬ್ಬನೆ ಅವನ ಮುಂದೆ ಒಗೆದರು. ಅವನು ಒಂದೊಂದನ್ನೇ ಬಿಡಿಸಿ ನೋಡಿದ.

"ಕೈಬರಹ ಮುದ್ದಾಗಿದೆ. ಈ ಕುರ್ಚಿಗೆ ಬಂದು ಎಷ್ಟು ದಿನ ಆಯ್ತಮ್ಮಾ?"

"ಇದು ಎರಡನೇ ಬೇಸಿಗೆ. ಒಂದು ತಪ್ಪು ತೋರ್ಸಿ ನೋಡೋಣ." ಸವಾಲು ಹಾಕಿದ ಬಾಯಲ್ಲಿ ನಾಲಿಗೆ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

"ದಿನಪೂರ್ತಿ ಇಲ್ಲೇ ಇರ್ತೀರಾ?"

"ಗೇಟ್ ತೆಗೆದಾಗಿಂದ ದೀಪ ಆರಿಸೋ ತನಕ. ನಾನಿಲ್ಲ ಅಂದ್ರೆ ಇವರಿಗೆ ಒಂದು ಕಡ್ಡಿನೂ ಅಲ್ಲಾಡ್ಸೋಕೆ ಬರಲ್ಲ."

ಅಧಿಕಾರಿ ತಲೆಯಾಡಿಸಿ ಹೊರಗೆ ಹೋದ. ಟ್ಯೂಬ್ ಹುಡುಗರನ್ನು ಮಾತಾಡಿಸಿದ, ಪಂಪ್ ಕೋಣೆ ಇಣುಕಿದ, ಜಾರುಬಂಡೆಯ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟ. ಕಿಟಕಿಯಿಂದ ಅದನ್ನು ನೋಡಿ ಮೇಡಂ ಕಿಸಕ್ಕನೆ ನಕ್ಕರು. ಮಾಲೀಕರಿಗೆ ನಗು ಬರಲಿಲ್ಲ. ಮನೆ ಹೋಗುತ್ತದೋ ಉಳಿಯುತ್ತದೋ ಎಂದು ಅವರು ಬಾಗಿಲಿಗೂ ಮೇಜಿಗೂ ಓಡಾಡುತ್ತಿದ್ದರು.

ಅಧಿಕಾರಿ ಮರಳಿ ಬಂದ. "ಹುಡುಗರದೆಲ್ಲ ಸರಿಯಾಗಿದೆ. ಇಷ್ಟು ಚೊಕ್ಕ ಕೆಲಸ ನಾನೆಲ್ಲೂ ನೋಡಿಲ್ಲ."

ಮಾಲೀಕರು ಉಸಿರು ಬಿಟ್ಟರು.

"ಆದ್ರೆ ಒಂದು ಫೈಲ್ ಕಡಿಮೆ ಇದೆ."

"ಸಾಧ್ಯವೇ ಇಲ್ಲ!" ಮೇಡಂ ಮೇಜು ಕುಟ್ಟಿದರು. "ಯಾರದು?"

ಅಧಿಕಾರಿ ಚೀಲದಿಂದ ಗೇಟಿಗೆ ಹಾಕುವ ಸೀಲಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಪೆನ್ನಿನ ತುದಿಯನ್ನು ಎರಡು ದಿಂಬಿನ ಕುರ್ಚಿಯ ಕಡೆ ತಿರುಗಿಸಿದ.

ಮಾಲೀಕರು ನಿರಾಳವಾಗಿ ಹೊಟ್ಟೆ ಕುಣಿಸಿಕೊಂಡು ನಕ್ಕರು. "ಅಯ್ಯೋ, ಇವಳು ಕೆಲಸದವಳಲ್ಲ ಸಾರ್, ನನ್ನ ಮಗಳು! ರಜ ಅಲ್ವಾ, ಅವರಮ್ಮನ ಸೀರೆ ಸುತ್ಕೊಂಡು ಸುಮ್ನೆ ಒಂದು ಕೈ ಸಹಾಯ ಮಾಡ್ತಾಳೆ. ಸ್ಕೂಲ್ ಶುರುವಾದ್ರೆ ಎಂಟನೇ ಕ್ಲಾಸು."